ಹದಿನಾಲ್ಕನೇ ಪುಟ

ಆ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಆಕೆಗೆ ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಫ್ಯಾನಮ್ಮ ಎಂದೂ ಹೆಸರು. ಸರ್ವರ್ ಕೋಣೆಯೊಳಗೆ ಇಪ್ಪತ್ತೇಳು ವರ್ಷ ಕೂತು, ಯಂತ್ರಗಳ ಫ್ಯಾನುಗಳ ಗದ್ದಲಕ್ಕಿಂತ ಮೇಲೆ ಮಾತಾಡಿ ಮಾತಾಡಿ, ಆಕೆಯ ದನಿ ಮನೆಗೆ ಹೋದರೂ ಇಳಿಯುತ್ತಿರಲಿಲ್ಲ. ಅಡುಗೆಮನೆಯಿಂದ ಉಪ್ಪು ಕೊಡು ಎಂದರೆ ಪಕ್ಕದ ಮನೆಯವರು ಉಪ್ಪು ಹಿಡಿದು ಬರಬೇಕು, ಹಾಗೆ. ಕಿವಿಯೂ ಅರ್ಧ ಹೋಗಿತ್ತು. ಅದನ್ನು ಮಾತ್ರ ಒಪ್ಪಿಕೊಳ್ಳುತ್ತಿರಲಿಲ್ಲ. ಜನರೇ ಈಚೆಗೆ ಗೊಣಗುವುದನ್ನು ಕಲಿತಿದ್ದಾರೆ ಎನ್ನುತ್ತಿದ್ದಳು.

ಕೋಣೆ ಇದ್ದದ್ದು ನೆಲಮಹಡಿಯ ಮೂಲೆಯಲ್ಲಿ, ಬಾಟಲಿ ತೊಳೆಯುವ ಜಾಗದ ಪಕ್ಕ. ಕಿಟಕಿಗೆ ರಟ್ಟು ಬಡಿದಿತ್ತು. ಎ.ಸಿ. ತೊಟ್ಟಿಕ್ಕುವ ಕಡೆ ಒಂದು ಬಕೆಟ್. ಎರಡು ಕಬ್ಬಿಣದ ಚೌಕಟ್ಟುಗಳಲ್ಲಿ ಹಳೆಯ ಯಂತ್ರಗಳು. ಕಿವಿ ಮಂದವಾದ ಮೇಲೆ ಆಕೆ ದಿನಾ ಬೆಳಿಗ್ಗೆ ಅವುಗಳ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಯಾವ ಡಿಸ್ಕ್ ನಡುಗುತ್ತಿದೆ, ಯಾವುದು ಈ ವಾರ ಕೈಕೊಡುತ್ತದೆ ಎಂದು ಅಂಗೈಯಲ್ಲೇ ಹೇಳುತ್ತಿದ್ದಳು. ಬಿಡಿಭಾಗ ಎಲ್ಲೂ ಸಿಗದ ಕಾಲ ಬಂದಾಗ ಸತ್ತ ಯಂತ್ರದಿಂದ ಕಿತ್ತು ಬದುಕಿದ್ದಕ್ಕೆ ಹಾಕಿ ಕಾಲ ತಳ್ಳಿದಳು.

ಆ ಯಂತ್ರಗಳ ಹೊಟ್ಟೆಯಲ್ಲಿ ಇದ್ದದ್ದು ನೀರಿನ ಲೆಕ್ಕ. ಸುತ್ತಲಿನ ಎಲ್ಲ ಬಾವಿ, ಕೊಳವೆಬಾವಿ, ತೊಟ್ಟಿಗಳ ನೀರು ಬಾಟಲಿಯಲ್ಲಿ ಬರುತ್ತಿತ್ತು. ಬಾಟಲಿಗೊಂದು ನಂಬರು, ತಾರೀಖು, ಹನ್ನೆರಡು ಅಂಕೆಗಳು, ಕೊನೆಗೆ ಷರಾ ಎಂಬ ಕಲಂ. ಷರಾ ಬರೆಯಲು ಒಂದು ಕ್ರಮವಿತ್ತು. ಮೊದಲು ಜಾಗ, ಆಮೇಲೆ ಕಟ್ಟೆಯ ಸ್ಥಿತಿ, ಆಮೇಲೆ ಹವೆ, ಎಲ್ಲಕ್ಕಿಂತ ಕೊನೆಗೆ ಏನಾದರೂ ಎಡವಟ್ಟಾಗಿದ್ದರೆ ಅದು. ಮೊಟ್ಟಮೊದಲ ಫಾರಂ ಅಚ್ಚು ಹಾಕಿಸಿದ ಪುಣ್ಯಾತ್ಮ ಹಾಗೆ ಹಾಕಿಸಿದ್ದ, ಎಲ್ಲರೂ ಹಾಗೇ ಬರೆದರು. ಅಂಕೆ ಅನುಮಾನದ್ದಾದರೂ ಅದನ್ನು ಅಳಿಸುವ ಪದ್ಧತಿ ಇರಲಿಲ್ಲ. ಅಂಕೆ ಅದರ ಜಾಗದಲ್ಲಿ ಇರಬೇಕು, ಅದನ್ನು ನಂಬಬೇಡಿ ಎಂಬ ಮಾತು ಷರಾದ ಕೊನೆಯಲ್ಲಿ ಇರಬೇಕು.

ಆ ಷರಾಗಳಲ್ಲಿ ಅರ್ಧಕ್ಕರ್ಧ ಆಕೆಯ ಗಂಡ ಬರೆದವು. ಊರೂರು ತಿರುಗಿ ನೀರು ತುಂಬಿಸಿ ತರುವುದು ಆತನ ಕೆಲಸ. ಮೇಷ್ಟ್ರಲ್ಲದಿದ್ದರೂ ಬಾಟಲಿ ಮೇಷ್ಟ್ರು ಎಂದೇ ಹೆಸರಾಗಿತ್ತು, ಏಕೆಂದರೆ ಪ್ರತಿ ಬಾವಿಯ ಕಟ್ಟೆಯ ಮೇಲೂ ಒಂದು ಪಾಠ ಮಾಡದೆ ಬರುವ ಆಸಾಮಿಯಲ್ಲ. ಮದುವೆಯಾದ ಮೊದಲ ವರ್ಷಗಳಲ್ಲಿ, ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಯಂತ್ರಕ್ಕೆ ಏರಿಸುವ ಕೆಲಸ ನಡೆಯುತ್ತಿತ್ತು. ಭಾನುವಾರ ಊಟದ ಮೇಜಿನ ಮೇಲೆ ಆತ ನೋಟ್‌ಬುಕ್ ಹಿಡಿದು ಗಟ್ಟಿಯಾಗಿ ಓದುವುದು, ಆಕೆ ಮುದ್ರಿಸಿ ತಂದ ಹಾಳೆಯ ಮೇಲೆ ಬೆರಳಿಟ್ಟು ಹೂಂ ಹೂಂ ಎನ್ನುವುದು. ಮಗಳು ತೊಡೆಯ ಮೇಲೆ ನಿದ್ದೆ ಹೋಗಿರುತ್ತಿದ್ದಳು. ಅವರ ಸಂಸಾರದಲ್ಲಿ ಸರಸ ಎಂಬುದು ಏನಾದರೂ ಇದ್ದರೆ ಅದು ಆ ಭಾನುವಾರಗಳೇ. “ಯಂತ್ರ ಹೇಳಿದ್ದನ್ನ ಯಂತ್ರ ನೋಡಿ ಸರಿ ಅಂದ್ರೆ ಆಗಲ್ಲ ಕಣೇ, ಮನುಷ್ಯರು ಓದಬೇಕು” ಎನ್ನುತ್ತಿದ್ದ. ಒಂದು ದಿನ ಮಧ್ಯಾಹ್ನ ಬಾಟಲಿಗಳ ಪೆಟ್ಟಿಗೆ ಇಳಿಸುತ್ತ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಹೊಸ ಸರ್ವರ್ ಬೇಕು ಎಂದು ಆಕೆ ಮೊದಲ ಯೋಜನೆ ಬರೆದದ್ದು ಆತ ಬದುಕಿದ್ದಾಗಲೇ. ಆಗಿನ ಸಾಹೇಬರು ಅದರ ಮೇಲೆ ಕಾಫಿ ಲೋಟ ಇಟ್ಟರು. ಎರಡನೆಯದು ‘ನೋಡೋಣ’ ಎಂದು ಬರೆಸಿಕೊಂಡು ವಾಪಸು ಬಂತು. ಮೂರನೆಯದು ಆತ ಹೋದ ಮೂರು ವರ್ಷಕ್ಕೆ. ಆ ವರ್ಷ ಮೇಲಿನಿಂದ ಬಂದ ಅತಿಥಿಗಳ ಎದುರು ಕಂಪ್ಯೂಟರ್ ಪರದೆ ಹನ್ನೊಂದು ನಿಮಿಷ ಹೆಪ್ಪುಗಟ್ಟಿ ನಿಂತಿತು. ನೂರಾರು ಊರುಗಳ ಕುಡಿಯುವ ನೀರಿಗೆ ಇಲ್ಲದಿದ್ದ ಅವಸರ ಆ ಹನ್ನೊಂದು ನಿಮಿಷದ ಮರ್ಯಾದೆಗೆ ಬಂತು. ತಿಂಗಳೊಳಗೆ ಯೋಜನೆ ಕೊಡಿ ಎಂದರು.

ಆಕೆ ಹದಿನೈದು ದಿನದಲ್ಲಿ ಕೊಟ್ಟಳು. ಒಟ್ಟು ಹದಿನಾಲ್ಕು ಪುಟ. ಈಗ ದಿನಕ್ಕೆ ಎಷ್ಟು ಬಾಟಲಿ ಬರುತ್ತವೆ, ಹತ್ತು ವರ್ಷಕ್ಕೆ ಎಷ್ಟಾಗುತ್ತವೆ, ಅದಕ್ಕೆ ಎಷ್ಟು ಜಾಗ ಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಒಟ್ಟಿಗೆ ಅಂಕೆ ತುಂಬಲು ಕೂತಾಗ ಯಂತ್ರಕ್ಕೆ ಏದುಸಿರು ಬರುತ್ತದಲ್ಲ, ಅದಕ್ಕೆ ಏನು ಮಾಡಬೇಕು. ವಿದ್ಯುತ್ತಿಗೆ ಬೇರೆ ಲೈನು. ಎರಡನೇ ಪ್ರತಿ ಎದುರಿನ ಕಟ್ಟಡದಲ್ಲಿ. ಯಾವುದನ್ನು ಮೊದಲು ಸಾಗಿಸಬೇಕು, ನಡುವೆ ಕೆಟ್ಟರೆ ಹಿಂದಕ್ಕೆ ಬರುವುದು ಹೇಗೆ. ಎಲ್ಲ ಮುಗಿದ ಮೇಲೆ ಹದಿನಾಲ್ಕನೇ ಪುಟದಲ್ಲಿ ಇಷ್ಟೇ ಇತ್ತು: ಹಳೆಯ ಯಂತ್ರವನ್ನು ಮೂವತ್ತು ದಿನ ನಿಲ್ಲಿಸಕೂಡದು. ದಿನಕ್ಕೆ ನೂರು ಬಾಟಲಿಗಳ ದಾಖಲೆಯನ್ನು ಚೀಟಿ ಎತ್ತಿ ತೆಗೆಯಬೇಕು. ಒಬ್ಬರು ಹಳೆಯದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೊಸದರ ಮೇಲೆ ಬೆರಳಿಟ್ಟು ನೋಡಬೇಕು, ಮೊದಲ ಅಕ್ಷರದಿಂದ ಕೊನೆಯ ಚುಕ್ಕಿಯವರೆಗೆ.

ಪುಟ ಓದಿದವರೆಲ್ಲ ಮೂಗು ಮುರಿದರು. ವಿಜ್ಞಾನಿಗಳನ್ನು ಮಗ್ಗಿ ಹೇಳಲು ಕೂರಿಸುತ್ತಾಳೆ ಫ್ಯಾನಮ್ಮ ಎಂದು ಕಾರಿಡಾರಿನಲ್ಲಿ ನಗೆ. ಗುತ್ತಿಗೆ ಹಿಡಿದ ಕಂಪನಿಯ ಎಂಜಿನಿಯರ್ ಒಬ್ಬನಿದ್ದ. ಬೆವರು ಸುರಿಯುವ ಬೇಸಿಗೆಯಲ್ಲೂ ಟೈ ಬಿಚ್ಚದವನು, ಹಾಗಾಗಿ ಟೈ ಎಂದೇ ಅವನ ಹೆಸರು. ಅವನು ಸಮಾಧಾನದಿಂದಲೇ ಹೇಳಿದ.

“ಮೇಡಂ, ಹೋಲಿಸಿ ನೋಡೋಕೆ ನಮ್ಮ ಸಾಫ್ಟ್‌ವೇರೇ ಇದೆ. ಅಲ್ಲೆಷ್ಟು ಸಾಲು, ಇಲ್ಲೆಷ್ಟು ಸಾಲು, ಒಂದು ಕಡಿಮೆ ಆದ್ರೂ ಕೆಂಪು ದೀಪ ಬರುತ್ತೆ.”

“ಸಾಲು ಎಣಿಸುತ್ತೆ ಸರಿ. ಓದುತ್ತಾ?”

“ಓದೋದು ಯಾಕೆ ಮೇಡಂ?”

ಓದುವುದು ಯಾಕೆ ಎಂದು ಕೇಳುವವನಿಗೆ ಯಾರು ತಾನೇ ಏನು ಹೇಳಿಯಾರು.

ನಿರ್ದೇಶಕರು ಕರೆಸಿದರು. ಅವರು ಕೆಟ್ಟ ಮನುಷ್ಯರೆಂದು ಯಾರೂ ಹೇಳುವಂತಿರಲಿಲ್ಲ. ದನಿ ಏರಿಸುವವರಲ್ಲ, ಎದುರಿಗೆ ಕೂರಿಸಿ ನೀರು ಕೊಟ್ಟು ಮಾತಾಡುವವರು. ಮೇಜಿನ ಎಡಕ್ಕೆ ಯೋಜನೆ ಇತ್ತು. ಬಲಕ್ಕೆ ಒಂದು ಕಡತ. ಅದರ ಬೆನ್ನಿನ ಮೇಲೆ ಮಗಳ ಹೆಸರಿರುವುದನ್ನು ಆಕೆ ಕುಳಿತ ತಕ್ಷಣ ಕಂಡಳು. ಮಗಳು ಅದೇ ಪ್ರಯೋಗಾಲಯದಲ್ಲಿ ರಸಾಯನ ವಿಭಾಗದಲ್ಲಿದ್ದಳು. ಆರು ವರ್ಷದಿಂದ ತಾತ್ಕಾಲಿಕ. ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಒಂದು ದಿನ ಮನೆಗೆ ಕಳಿಸಿ ಮತ್ತೆ ತೆಗೆದುಕೊಳ್ಳುತ್ತಿದ್ದರು. ಆ ಒಂದು ದಿನ ಆ ಹುಡುಗಿ ಹಾಸಿಗೆಯಿಂದ ಏಳುತ್ತಿರಲಿಲ್ಲ. ಕಾಯಂ ಮಾಡುವ ಪಟ್ಟಿಯಲ್ಲಿ ಆ ವರ್ಷ ಒಂದೇ ಒಂದು ಜಾಗ ಇತ್ತು.

“ಉದ್ಘಾಟನೆಗೆ ತಾರೀಖು ಕೊಟ್ಟಾಗಿದೆ ಮೇಡಂ” ಎಂದರು ನಿರ್ದೇಶಕರು. “ಹೊಸದನ್ನ ಉದ್ಘಾಟನೆ ಮಾಡಿ, ಹಳೇದನ್ನೂ ಒಂದು ತಿಂಗಳು ಓಡಿಸ್ತಾ ಇದ್ರೆ ನಮಗೇ ನಂಬಿಕೆ ಇಲ್ಲ ಅಂದ ಹಾಗಾಗಲ್ವಾ?”

“ನಂಬಿಕೆ ಇಲ್ಲ ಸರ್. ಅದಕ್ಕೇ ಬರೆದಿದ್ದು.”

ಅವರು ನಕ್ಕರು. ನಿಜವಾಗಿಯೂ ಇಷ್ಟಪಟ್ಟು ನಕ್ಕರು. “ಹದಿಮೂರು ಪುಟ ಬಂಗಾರದಂಥವು. ಈ ಒಂದನ್ನ ಬಿಟ್ಟು ಇನ್ನೊಂದು ಪ್ರತಿ ತನ್ನಿ, ಇವತ್ತೇ ಕಳಿಸಿಬಿಡೋಣ.” ಹಾಗೆನ್ನುತ್ತ ಬಲಗಡೆಯ ಕಡತವನ್ನು ಎತ್ತಿ ತಮ್ಮ ಮುಂದೆ ಇಟ್ಟುಕೊಂಡರು. ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಕಡತದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆಕೆ ಎದ್ದು ಕೋಣೆಗೆ ಬಂದಳು. ಬಕೆಟ್ ತುಂಬಿತ್ತು, ಚೆಲ್ಲಿ ಬಂದಳು. ಯಂತ್ರದ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹದಿಮೂರು ಪುಟ ಮುದ್ರಿಸಿ, ಪ್ರತಿ ಪುಟದ ಕೆಳಗೂ ಸಹಿ ಹಾಕಿ, ಒಯ್ದು ಕೊಟ್ಟಳು. ಹದಿನಾಲ್ಕನೆಯದನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡಳು. ಮುಂದಿನ ವಾರ ಮಗಳ ಆದೇಶ ಬಂತು. ಹುಡುಗಿ ಕಾಗದ ಹಿಡಿದು ಮೆಟ್ಟಿಲು ಹಾರಿಕೊಂಡು ಬಂದು ತಬ್ಬಿಕೊಂಡಾಗ ಆಕೆಗೆ ಸಂತೋಷವೇ ಆಯಿತು. ಸುಳ್ಳೇಕೆ ಹೇಳಬೇಕು, ತುಂಬ ಸಂತೋಷವಾಯಿತು.

ಉದ್ಘಾಟನೆ ನಿಗದಿಯಾದ ದಿನವೇ ನಡೆಯಿತು. ಟೈ ಹಸಿರು ದೀಪ ತೋರಿಸಿದ. ಅಲ್ಲೆಷ್ಟು ಸಾಲೋ ಇಲ್ಲೂ ಅಷ್ಟೇ ಸಾಲು. ಹಳೆಯ ಯಂತ್ರದ ಗುಂಡಿಯನ್ನು ಆಕೆಯೇ ಒತ್ತಿ ನಿಲ್ಲಿಸಿದಳು. ಅದನ್ನು ಗುಜರಿಗೆ ಹಾಕುವ ಕಾಗದ ಮುಗಿಯುವವರೆಗೆ ಮೆಟ್ಟಿಲ ಕೆಳಗೆ ಹಳೆಯ ಬಟ್ಟೆಯೊಂದನ್ನು ಹೊದಿಸಿ ಇಟ್ಟರು. ಹೊಸ ಯಂತ್ರಗಳಿಗೆ ಸದ್ದೇ ಇರಲಿಲ್ಲ. ಅಷ್ಟು ನಿಶ್ಶಬ್ದದಲ್ಲಿ ಆಕೆಯ ಮಾತು ಮಹಡಿಯವರೆಗೂ ಕೇಳಿಸಿ, ಸ್ವಲ್ಪ ಮೆಲ್ಲಗೆ ಮೇಡಂ ಎಂದು ಜನ ಬಂದು ಹೇಳತೊಡಗಿದರು.

ಎರಡು ತಿಂಗಳ ಮೇಲೆ, ದೂರದ ಒಂದು ಊರಿನಲ್ಲಿ ಕೊಳಾಯಿ ಒಡೆದು, ಅಲ್ಲಿನ ಶಾಲೆಯ ಬಾವಿಯನ್ನು ಕುಡಿಯಲು ಬಳಸಬಹುದೇ ಎಂದು ಪತ್ರ ಬಂತು. ಐದು ವರ್ಷದೊಳಗಿನ ಅಂಕೆ ಇದ್ದರೆ ಹೊಸದಾಗಿ ನೀರು ತರಿಸಬೇಕಿಲ್ಲ ಎಂಬುದು ನಿಯಮ. ಪತ್ರ ಮಗಳ ಮೇಜಿಗೆ ಹೋಯಿತು. ಹುಡುಗಿ ಪರದೆಯ ಮೇಲೆ ದಾಖಲೆ ತೆಗೆದಳು. ನೀರು ತಂದವರು ಅಪ್ಪ. ಆರ್ಸೆನಿಕ್ ಇಲ್ಲವೆನ್ನುವಷ್ಟು ಕಡಿಮೆ. ಷರಾದಲ್ಲಿ ಹೀಗಿತ್ತು: ‘ಬಾವಿ ಶಾಲೆಯ ಹಿಂದೆ. ಕಟ್ಟೆ ಗಟ್ಟಿ. ಮೋಡ ಕವಿದ ದಿನ.’ ಅಪ್ಪನ ಮೋಡ ಓದಿ ಮಗಳಿಗೆ ನಗು ಬಂತಂತೆ. ಮನೆಗೆ ಬಂದು ಊಟಕ್ಕೆ ಕೂತಾಗ ಅಮ್ಮನಿಗೂ ಹೇಳಿದಳು, ಇಬ್ಬರೂ ನಕ್ಕರು. ಕುಡಿಯಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ ಆ ಹೊತ್ತಿಗೆ ಮಗಳ ಸಹಿ ಬಿದ್ದಾಗಿತ್ತು. ಕಾಯಂ ಆದ ಮೇಲೆ ಸ್ವಂತ ಅಧಿಕಾರದಲ್ಲಿ ಹಾಕಿದ ಮೊದಲ ಸಹಿಗಳಲ್ಲಿ ಅದೂ ಒಂದು.

ಏಳು ತಿಂಗಳು ಕಳೆದವು. ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಬಸ್ಸು ಹತ್ತಿ, ಅಂದೇ ಬೆಳಿಗ್ಗೆ ಬಾವಿಯಿಂದ ತುಂಬಿದ ಎರಡು ಬಾಟಲಿ ಮಡಿಲಲ್ಲಿ ಇಟ್ಟುಕೊಂಡು ತಾವೇ ಬಂದರು. ಮಕ್ಕಳಿಗೆ ಹೊಟ್ಟೆನೋವು, ವಾಂತಿ. ಇಬ್ಬರು ಆಸ್ಪತ್ರೆಯಲ್ಲಿದ್ದರು. ಪರೀಕ್ಷೆ ಮಾಡಿದರೆ ಆರ್ಸೆನಿಕ್ ಮಿತಿಗಿಂತ ಎಂಟು ಪಟ್ಟು ಇತ್ತು. ಮಗಳು ಅಂಕೆಯ ಹಾಳೆ ಹಿಡಿದು ತಾಯಿಯ ಕೋಣೆಯ ಬಾಗಿಲಲ್ಲಿ ನಿಂತಳು.

“ಅಮ್ಮಾ, ಅಪ್ಪ ತಪ್ಪು ಮಾಡೋರಲ್ಲ ಅಲ್ವಾ?”

ತಾಯಿ ಮೆಟ್ಟಿಲ ಕೆಳಗೆ ಹೋಗಿ, ಹೊದಿಕೆ ಎಳೆದು, ಹಳೆಯ ಯಂತ್ರಕ್ಕೆ ವಿದ್ಯುತ್ ಕೊಟ್ಟಳು. ಗುಜರಿಯ ಕಾಗದ ಇನ್ನೂ ಮುಗಿದಿರಲಿಲ್ಲ. ಆ ಕಚೇರಿಯ ಸೋಮಾರಿತನ ಅದೊಂದು ಸಲ ಉಪಕಾರಕ್ಕೆ ಬಂತು. ಫ್ಯಾನುಗಳು ಕೆಮ್ಮಿ ಕೆಮ್ಮಿ ತಿರುಗಿದವು. ಮಗಳು ಧೂಳಿನಲ್ಲೇ ಪಕ್ಕದಲ್ಲಿ ಕೂತಳು. ಬಾಟಲಿಯ ನಂಬರು ಹೊಡೆದ ಮೇಲೆ ಪರದೆಯ ಮೇಲೆ ಪೂರ್ತಿ ಷರಾ ಬಂತು.

‘ಬಾವಿ ಶಾಲೆಯ ಹಿಂದೆ. ಕಟ್ಟೆ ಗಟ್ಟಿ. ಮೋಡ ಕವಿದ ದಿನ. ಬಾಟಲಿಗೆ ಆಸಿಡ್ ಹಾಕಿರಲಿಲ್ಲ, ಖಾಲಿಯಾಗಿತ್ತು. ಈ ಅಂಕೆ ನಂಬಬೇಡಿ. ಮತ್ತೆ ತೆಗೆಯುವವರೆಗೆ ಇದನ್ನು ಯಾರೂ ಕುಡಿಯಕೂಡದು.’

ನೀರು ತುಂಬಿದ ಕೂಡಲೇ ಬಾಟಲಿಗೆ ಒಂದಿಷ್ಟು ಆಸಿಡ್ ಹಾಕದಿದ್ದರೆ ಒಂದೆರಡು ದಿನದಲ್ಲಿ ವಿಷವೆಲ್ಲ ನೀರಿನಲ್ಲಿನ ಕಬ್ಬಿಣದ ತುಕ್ಕಿನ ಜೊತೆ ತಳಕ್ಕೆ ಇಳಿದು ಕೂತುಬಿಡುತ್ತದೆ, ಮೇಲಿನ ನೀರು ನೋಡಿದ ಯಂತ್ರ ಎಲ್ಲ ಚೆನ್ನಾಗಿದೆ ಎನ್ನುತ್ತದೆ. ಅದು ಬಾಟಲಿ ಮೇಷ್ಟ್ರಿಗೆ ಗೊತ್ತಿತ್ತು. ಮತ್ತೆ ಹೋಗಿ ತರಬೇಕೆಂದೂ ಇದ್ದ. ತಾರೀಖು ನೋಡಿದರೆ ಆತ ತೀರಿಕೊಂಡದ್ದು ಅದಾಗಿ ಒಂಬತ್ತೇ ದಿನಕ್ಕೆ.

ಟೈಯನ್ನು ಕರೆಸಿ ಕೇಳಿದರು. ಹೊಸದರಲ್ಲಿ ಷರಾಕ್ಕೆ ಐವತ್ತು ಅಕ್ಷರದ ಜಾಗ ಇಟ್ಟಿದ್ದೇವೆ ಎಂದ. ಇನ್ನೂರು ಷರಾ ತೆಗೆದು ನೋಡಿದ್ದೆವು, ಒಂದೂ ಐವತ್ತು ದಾಟಿರಲಿಲ್ಲ ಎಂದ. ಅವನು ನೋಡಿದ್ದು ಮೊಟ್ಟಮೊದಲ ಇನ್ನೂರು. ಅವನ್ನು ತುಂಬಿದ್ದು ‘ಸರಿ’ ಎಂಬ ಒಂದೇ ಪದದಲ್ಲಿ ಆಯುಷ್ಯ ಕಳೆದ ಗುಮಾಸ್ತ.

“ಕತ್ತರಿಸಿದ್ದು ಗೊತ್ತಾಗಬೇಕಿತ್ತಲ್ವಾ? ಅರ್ಧ ವಾಕ್ಯ ಕಂಡಿದ್ರೂ ನಾನು ಹುಡುಕ್ತಿದ್ದೆ” ಎಂದಳು ಮಗಳು.

“ಅರ್ಧ ವಾಕ್ಯ ನೋಡೋಕೆ ಚೆನ್ನಾಗಿರಲ್ಲ ಅಂತ ಹಿಂದಿನ ಚುಕ್ಕಿವರೆಗೆ ತೆಗೆಯೋ ಹಾಗೆ ಮಾಡಿದ್ವಿ ಮೇಡಂ” ಎಂದ ಅವನು. ಅಂದವಾಗಿ ಕಾಣಲಿ ಎಂದು ಮಾಡಿದ ಕೆಲಸ.

ಹಳೆಯ ಯಂತ್ರದಲ್ಲಿ ಹುಡುಕಿದಾಗ ಐವತ್ತು ದಾಟಿದ ಷರಾಗಳು ಮೂರು ಸಾವಿರದ ಚಿಲ್ಲರೆ ಸಿಕ್ಕವು. ದಿನಕ್ಕೆ ನೂರರಂತೆ ಓದಿದ್ದರೆ ಮೊದಲ ವಾರದಲ್ಲೇ ಒಂದಾದರೂ ಕೈಗೆ ಸಿಗುತ್ತಿತ್ತು. ಬಾವಿಗೆ ಬೀಗ ಬಿತ್ತು. ಆಸ್ಪತ್ರೆಯ ಮಕ್ಕಳು ಮನೆಗೆ ಹೋದರು. ಏಳು ತಿಂಗಳು ಕುಡಿದದ್ದು ಮುಂದೆ ಯಾವಾಗ, ಎಲ್ಲಿ ತೋರಿಸಿಕೊಳ್ಳುತ್ತದೆ ಎಂದು ಮಾತ್ರ ಯಾವ ವೈದ್ಯರೂ ಹೇಳಲಿಲ್ಲ.

ವಿಚಾರಣೆಗೆ ಮೂವರು ಬಂದರು. ಅವರಿಗೆ ಬೇಕಾಗಿದ್ದದ್ದು ಒಂದು ಸಹಿ. ಪ್ರಮಾಣಪತ್ರದ ಮೇಲೆ ಅದು ಇತ್ತು. ಷರಾ ಓದಿದ್ದೆ, ಇದ್ದದ್ದೇ ಅಷ್ಟು ಎಂದು ಮಗಳು ಹತ್ತು ಸಲ ಹೇಳಿದಳು. ಅನುಮಾನ ಬರಬೇಕಿತ್ತು ಎಂದರು. ಏನು ನೋಡಿ ಬರಬೇಕಿತ್ತು ಎಂದು ಮಾತ್ರ ಹೇಳಲಿಲ್ಲ. ಯಂತ್ರದ ಕೆಲಸ ಯೋಜನೆಯಂತೆ ನಡೆದಿದೆ, ಯೋಜನೆಯಲ್ಲಿ ಇಲ್ಲದ್ದನ್ನು ಕಂಪನಿ ಮಾಡಲಾಗದು ಎಂದರು ನಿರ್ದೇಶಕರು. ಆಗ ಹಿಂದಿನ ಕುರ್ಚಿಯಲ್ಲಿದ್ದ ಫ್ಯಾನಮ್ಮ ಎದ್ದು, ಕೈಚೀಲದಿಂದ ಮಡಚಿದ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು.

“ಇತ್ತು. ಇದು ಹದಿನಾಲ್ಕನೇ ಪುಟ.”

ಮೂವರೂ ಓದಿದರು. ನಡುವಿನವರು ತಲೆ ಎತ್ತಿದರು. “ಇಷ್ಟು ಮುಖ್ಯ ಅಂತ ಗೊತ್ತಿದ್ದೂ ಯಾಕಮ್ಮ ತೆಗೆದ್ರಿ? ಹದಿಮೂರೂ ಪುಟದಲ್ಲಿ ಸಹಿ ನಿಮ್ಮದೇ ಇದೆ.”

ಆಕೆ ಮಗಳ ಕಡೆ ನೋಡಲಿಲ್ಲ. “ನನ್ನ ಮಗಳ ಕಡತ ಆ ದಿನ ಸಾಹೇಬರ ಮುಂದೆ ಇತ್ತು” ಎಂದಳು. ಇಡೀ ಕಟ್ಟಡಕ್ಕೆ ಕೇಳುವ ಅದೇ ದನಿಯಲ್ಲಿ.

“ಆ ಕಡತದ ಬಗ್ಗೆ ನಾನು ಒಂದು ಮಾತಾದ್ರೂ ಆಡಿದ್ನಾ ಮೇಡಂ?” ಎಂದು ನಿರ್ದೇಶಕರು ನೊಂದವರಂತೆ ಕೇಳಿದರು.

“ಇಲ್ಲ ಸರ್. ಆಡಲಿಲ್ಲ.”

ನಿಜ ಹೇಳುವ ಚಟ ಒಮ್ಮೆ ಹತ್ತಿದರೆ ಅಷ್ಟೇ, ಅದು ಯಾರ ಪರ ಯಾರ ವಿರುದ್ಧ ಎಂದು ನೋಡುವುದಿಲ್ಲ. ವರದಿಯಲ್ಲಿ ಹದಿನಾಲ್ಕನೇ ಪುಟ ಅಂಗೀಕೃತ ಯೋಜನೆಯ ಭಾಗವಲ್ಲವಾದ್ದರಿಂದ ಪರಿಗಣಿಸಿಲ್ಲ ಎಂದು ಬರೆದರು. ಕಡತದ ಮಾತನ್ನು ಮಾತ್ರ ಚೆನ್ನಾಗಿ ಪರಿಗಣಿಸಿದರು. ತಾಯಿಯ ಪ್ರಭಾವದಿಂದ ಕಾಯಂ ಆದವಳು ಎಂದು ಮಗಳ ಆದೇಶ ರದ್ದಾಯಿತು, ಈ ಸಲ ಒಂದು ದಿನದ ಮಟ್ಟಿಗಲ್ಲ. ನಿರ್ದೇಶಕರು ಇನ್ನೂ ದೊಡ್ಡ ಕಚೇರಿಗೆ ಹೋದರು. ಎರಡು ತಿಂಗಳ ಮೇಲೆ ಫ್ಯಾನಮ್ಮ ನಿವೃತ್ತಳಾದಾಗ ಕಚೇರಿಯವರು ಚೌಕಟ್ಟು ಹಾಕಿದ ಪ್ರಶಂಸಾಪತ್ರ ಕೊಟ್ಟರು. ಸರ್ವರ್ ಬದಲಾವಣೆಯ ಕೆಲಸವನ್ನು ನಿಗದಿತ ದಿನದೊಳಗೆ ಮುಗಿಸಿದ್ದಕ್ಕೆ. ಅದೇ ವಾರ ಎಲ್ಲರ ಮೇಜಿಗೂ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಷರಾ ಬರೆಯುವವರು ಐವತ್ತು ಅಕ್ಷರ ಮೀರಬಾರದು.

ವಿಚಾರಣೆಯ ದಿನದಿಂದ ಮಗಳು ಮನೆಯಲ್ಲಿ ಬೇಕಾದಷ್ಟೇ ಮಾತಾಡುತ್ತಿದ್ದಳು. ಹಾಲು ಇದೆಯಾ, ಬಾಗಿಲು ಹಾಕಿದೀಯಾ, ಅಷ್ಟೇ. ಪ್ರಶಂಸಾಪತ್ರ ಬಂದ ಸಂಜೆ, ಊಟದ ಮೇಜಿನ ಮೇಲೆ, ಹಿಂದೆ ಅಪ್ಪ ನೋಟ್‌ಬುಕ್ ಹಿಡಿದು ಓದುತ್ತಿದ್ದ ಜಾಗದಲ್ಲಿ ಕೂತು, ತಟ್ಟೆಯಿಂದ ತಲೆ ಎತ್ತದೆ ಕೇಳಿದಳು.

“ಹೀಗಾಗುತ್ತೆ ಅಂತ ನಿನಗೆ ಗೊತ್ತಿತ್ತಾ ಅಮ್ಮ?”

“ಹೀಗೆ ಅಂತ ಗೊತ್ತಿರಲಿಲ್ಲ. ಏನೋ ಒಂದು ಆಗುತ್ತೆ ಅಂತ ಗೊತ್ತಿತ್ತು.”

“ಆ ಮಕ್ಕಳು ಕುಡಿದ್ರಲ್ಲ.”

“ಹೂಂ.”

“ನನ್ನ ಕೇಳಬಹುದಿತ್ತು. ಕೇಳಿದ್ರೆ ಆ ಕೆಲಸವೇ ಬೇಡ ಅಂತಿದ್ದೆ.”

“ಅದಕ್ಕೇ ಕೇಳಲಿಲ್ಲ” ಎಂದಳು ತಾಯಿ. ತನ್ನ ದನಿ ಎಷ್ಟು ಇಳಿದಿದೆ ಎಂದು ಆಕೆಗೇ ಆಶ್ಚರ್ಯವಾಯಿತು.

ಮಗಳು ತಟ್ಟೆ ತೊಳೆದಿಟ್ಟಳು. ಮೇಜು ಒರೆಸಿದಳು. ತನ್ನ ಕೋಣೆಗೆ ಹೋಗಿ ಬಾಗಿಲು ಮೆಲ್ಲಗೆ ಮುಂದಕ್ಕೆ ತಳ್ಳಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಇಪ್ಪತ್ತೇಳು ವರ್ಷದ ಗದ್ದಲದಲ್ಲಿ ಅರ್ಧ ಕಿವುಡಾಗಿದ್ದ ಫ್ಯಾನಮ್ಮನಿಗೆ ಆ ಸಣ್ಣ ಸದ್ದು ಚೆನ್ನಾಗಿ ಕೇಳಿಸಿತು.